ಹೊರಡುವ ಮುನ್ನ ಹತ್ತು ದಿನ, ಇಳಿದ ಮೇಲೆ ಮೂರು ದಿನ

ದೂರದ ಒಂದು ದೇಶದಲ್ಲಿ ಭೂಕಂಪವಾಗಿ ನಾಲ್ಕನೇ ದಿನ ಕರೆ ಬಂತು ಎಂದಿಟ್ಟುಕೊಳ್ಳಿ. ಮೊದಲ ವಾರದಲ್ಲೇ ಹೋದ ತಂಡಗಳು ವಾಪಸಾಗುವ ಹೊತ್ತಿಗೆ ಅವರ ಜಾಗಕ್ಕೆ ಹದಿನಾರು ಜನರ ಸ್ವಯಂಸೇವಕ ತಂಡ ಬೇಕಾಗಿದೆ. ಹಾಸಿಗೆ ಇಲ್ಲದ ಹೊರರೋಗಿ ಕ್ಲಿನಿಕ್. ದಿನಕ್ಕೆ 100 ರೋಗಿಗಳು, 14 ದಿನದ ಕೆಲಸ. ಹೊರಡಲು ಉಳಿದಿರುವುದು ಹತ್ತು ದಿನ. ಟೆಂಟು, ಜನರೇಟರ್, ಸ್ವಯಂಸೇವಕರ ಹೆಸರುಪಟ್ಟಿ, ಅವರ ಲಸಿಕೆ ಕಾರ್ಡುಗಳು ಮೊದಲೇ ತಯಾರಿದ್ದರೆ ಹತ್ತು ದಿನ ಸಾಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟರೆ ಹತ್ತು ತಿಂಗಳೂ ಸಾಲದು. ಮುಂದಿನದು ಆ ಹತ್ತು ದಿನಗಳ ಲೆಕ್ಕ, ಜೊತೆಗೆ ಅಲ್ಲಿ ಇಳಿದ ಮೊದಲ ಮೂರು ದಿನಗಳದ್ದು.

ದಿನ 1: ಹೋಗಬೇಕೆ ಎಂದು ಮೊದಲು ಕೇಳುವುದು

ಮೊದಲ ದಿನ ಯಾರೂ ಪೆಟ್ಟಿಗೆ ಮುಟ್ಟಬಾರದು. ಆ ದೇಶದ ಆರೋಗ್ಯ ಇಲಾಖೆ ನಮ್ಮ ಕೊಡುಗೆಯನ್ನು ಒಪ್ಪಿಕೊಂಡಿದೆಯೇ, ಲಿಖಿತವಾಗಿ ಒಪ್ಪಿಕೊಂಡಿದೆಯೇ ಎಂಬುದೊಂದೇ ಇವತ್ತಿನ ಪ್ರಶ್ನೆ. ಕರೆ ಯಾವುದೋ ಪರಿಚಯದ ಸಂಸ್ಥೆಯಿಂದ ಬಂದಿರಬಹುದು, ಅದು ಆಹ್ವಾನವಾಗುವುದಿಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಹೇಳದೆ ಕೇಳದೆ ಬಂದಿಳಿದ ತಂಡಗಳು ಲೆಕ್ಕಕ್ಕೇ ಸಿಗಲಿಲ್ಲ. ಯಾರ ಅರ್ಹತೆ ಏನು, ಯಾರು ಎಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಆ ರೋಗಿಗಳನ್ನು ಆಮೇಲೆ ನೋಡಿಕೊಂಡವರು ಯಾರು ಎಂಬುದಕ್ಕೆ ಎಷ್ಟೋ ಕಡೆ ದಾಖಲೆಯೇ ಉಳಿಯಲಿಲ್ಲ. ಆ ಕಹಿ ಅನುಭವದ ನಂತರವೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ವೈದ್ಯಕೀಯ ತಂಡಗಳ ವರ್ಗೀಕರಣವನ್ನೂ ಕನಿಷ್ಠ ಮಾನದಂಡಗಳನ್ನೂ ಪ್ರಕಟಿಸಿತು. 2021ರಲ್ಲಿ ಅದನ್ನು ಪರಿಷ್ಕರಿಸಿತು.

ಆ ವರ್ಗೀಕರಣದ ಪ್ರಕಾರ ಟೈಪ್ 1 ಎಂದರೆ ಹೊರರೋಗಿ ಸೇವೆ. ಊರೂರು ಸುತ್ತುವ ತಂಡವಾದರೆ ದಿನಕ್ಕೆ ಕನಿಷ್ಠ 50 ರೋಗಿಗಳನ್ನು, ಒಂದೇ ಕಡೆ ನೆಲೆಸುವ ತಂಡವಾದರೆ 100 ರೋಗಿಗಳನ್ನು ನೋಡಬೇಕು. ಟೈಪ್ 2 ಎಂದರೆ ಕನಿಷ್ಠ 20 ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ದಿನಕ್ಕೆ 7 ದೊಡ್ಡ ಅಥವಾ 15 ಸಣ್ಣ ಶಸ್ತ್ರಚಿಕಿತ್ಸೆಗಳು. ನಮ್ಮ ತಂಡ ಒಂದೇ ಕಡೆ ನೆಲೆಸುವ ಟೈಪ್ 1. ಇದನ್ನು ಇವತ್ತೇ ಗಟ್ಟಿ ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. 'ಜೊತೆಗೊಬ್ಬ ಸರ್ಜನ್ ಇರಲಿ, ಸಣ್ಣಪುಟ್ಟ ಆಪರೇಷನ್ನೂ ಮಾಡೋಣ' ಎಂಬ ಮಾತು ಪ್ರತಿ ತಂಡದಲ್ಲೂ ಏಳುತ್ತದೆ. ಅರಿವಳಿಕೆ, ರಕ್ತ, ಸ್ಟೆರಿಲೈಸೇಷನ್, ಆಪರೇಷನ್ ನಂತರದ ಆರೈಕೆ ಯಾವುದೂ ಇಲ್ಲದೆ ಸರ್ಜನ್ ಒಬ್ಬರೇ ಬಂದರೆ ರೋಗಿಗೆ ಅಪಾಯ.

ಇಂದೇ ಮುಗಿಯಬೇಕಾದ ಇನ್ನೊಂದು ಕೆಲಸವಿದೆ. ಹೋಗುವ ದೇಶವೋ ದಾರಿಯಲ್ಲಿ ವಿಮಾನ ಬದಲಿಸುವ ದೇಶವೋ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಕೇಳುತ್ತದೆಯೇ ನೋಡಬೇಕು. ಆ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ. ಹನ್ನೊಂದನೇ ದಿನ ಇಳಿಯುವ ತಂಡಕ್ಕೆ ಇವತ್ತೇ ಕೊನೆಯ ಅವಕಾಶ. ನಾಳೆಗೆ ಬಿಟ್ಟರೆ ಆ ಸದಸ್ಯ ವಿಮಾನ ನಿಲ್ದಾಣದಲ್ಲೇ ಉಳಿಯಬೇಕಾದೀತು. ಒಮ್ಮೆ ತೆಗೆದುಕೊಂಡಿದ್ದರೆ ಚಿಂತೆಯಿಲ್ಲ, 2016ರ ಜುಲೈಯಿಂದ ಅದು ಜೀವನಪೂರ್ತಿ ಮಾನ್ಯ.

ದಿನ 2: ಹದಿನಾರು ಜನ

ನಾಲ್ವರು ವೈದ್ಯರು, ಐವರು ನರ್ಸ್‌ಗಳು, ಹೆರಿಗೆ ಮಾಡಿಸಿ ನುರಿತ ಒಬ್ಬ ಮಿಡ್‌ವೈಫ್, ಒಬ್ಬ ಫಾರ್ಮಸಿಸ್ಟ್, ಒಬ್ಬ ಫಿಸಿಯೋಥೆರಪಿಸ್ಟ್, ಸಾಮಾನು ಸರಂಜಾಮು (ಲಾಜಿಸ್ಟಿಕ್ಸ್) ನೋಡಿಕೊಳ್ಳಲು ಇಬ್ಬರು, ನೀರು ಮತ್ತು ನೈರ್ಮಲ್ಯಕ್ಕೆ ಒಬ್ಬರು, ಎಲ್ಲರ ಮೇಲೊಬ್ಬ ಮುಖ್ಯಸ್ಥ. ನಾಲ್ವರು ವೈದ್ಯರಲ್ಲಿ ದಿನಕ್ಕೊಬ್ಬರಿಗೆ ಕಡ್ಡಾಯ ರಜೆ. ಉಳಿದ ಮೂವರು ಎಂಟು ಗಂಟೆಯಲ್ಲಿ 100 ರೋಗಿಗಳನ್ನು ನೋಡಿದರೆ ಒಬ್ಬರಿಗೆ 14 ನಿಮಿಷ ಸಿಗುತ್ತದೆ. ದುಭಾಷಿಯ ಮೂಲಕ ಮಾತಾಡುವಾಗ ಅದರಲ್ಲಿ ಅರ್ಧ ಹೊತ್ತು ಮಾತಿಗೇ ಹೋಗುತ್ತದೆ. ವೈದ್ಯರನ್ನು ಮೂವರಿಗೆ ಇಳಿಸಿ ರಜೆ ರದ್ದು ಮಾಡಿದರೆ ಒಂದು ವಾರ ಹೇಗೋ ನಡೆದೀತು. ಎಂಟನೇ ದಿನ ಯಾರೋ ಒಬ್ಬರು ಔಷಧಿಯ ಪ್ರಮಾಣ ತಪ್ಪಿ ಬರೆಯುತ್ತಾರೆ.

ವೈದ್ಯರ ಸಂಖ್ಯೆ ಹೆಚ್ಚಿಸಲು ಲಾಜಿಸ್ಟಿಕ್ಸ್‌ನ ಇಬ್ಬರಲ್ಲಿ ಒಬ್ಬರನ್ನು ಬಿಡುವುದು ಸ್ವಯಂಸೇವಕ ತಂಡಗಳು ಮಾಡುವ ದೊಡ್ಡ ತಪ್ಪು. ಜನರೇಟರ್ ಕೆಟ್ಟಾಗ, ಟೆಂಟಿಗೆ ನೀರು ನುಗ್ಗಿದಾಗ, ಸರಕು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಾಗ ಐದನೇ ವೈದ್ಯನಿಂದ ಏನೂ ಪ್ರಯೋಜನವಿಲ್ಲ.

ಪ್ರತಿಯೊಬ್ಬರ ಪದವಿ ಪತ್ರ, ವೃತ್ತಿ ನೋಂದಣಿ, ಕನಿಷ್ಠ ಆರು ತಿಂಗಳ ಅವಧಿ ಉಳಿದ ಪಾಸ್‌ಪೋರ್ಟು, ಎಂಟು ಫೋಟೋ, ರಕ್ತದ ಗುಂಪು, ಮನೆಯವರ ಫೋನ್ ನಂಬರು ಇವತ್ತು ಒಂದೇ ಫೈಲಿಗೆ ಸೇರಬೇಕು. ಪದವಿ ಪತ್ರ ಮತ್ತು ನೋಂದಣಿಯ ದೃಢೀಕೃತ ಪ್ರತಿ ಮೂರು ಇರಲಿ. ಆ ದೇಶದಲ್ಲಿ ತಾತ್ಕಾಲಿಕವಾಗಿ ವೃತ್ತಿ ಮಾಡಲು ಅನುಮತಿ ಸಿಗುವುದು ಈ ಕಾಗದಗಳ ಮೇಲೆ.

ದಿನ 3: ತಂಡದ ಆರೋಗ್ಯ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಪೂರ್ತಿಯಾಗದವರನ್ನು ಈ ಸಲ ಕರೆದೊಯ್ಯಬೇಡಿ. ಬೇಗ ಮುಗಿಸುವ ಕ್ರಮವೇ 0, 7, 21ನೇ ದಿನದ್ದು, ಹತ್ತು ದಿನದಲ್ಲಿ ಅದು ಆಗದ ಮಾತು. ರೇಬೀಸ್‌ಗೆ ಮುಂಚಿತವಾಗಿ ಕೊಡುವ ಎರಡು ಡೋಸ್ 0 ಮತ್ತು 7ನೇ ದಿನಕ್ಕೆ ಬರುತ್ತವೆ. ಇವತ್ತು ಒಂದು, ಹೊರಡುವ ದಿನ ಇನ್ನೊಂದು, ಸರಿಯಾಗಿ ಕೂರುತ್ತದೆ. ಕುಸಿದ ಊರಿನಲ್ಲಿ ಹಸಿದ ನಾಯಿಗಳು ಗುಂಪುಗಟ್ಟಿರುತ್ತವೆ, ಇದನ್ನು ಬಿಡಬಾರದು. ಟೈಫಾಯ್ಡ್ ಚುಚ್ಚುಮದ್ದಿನ ರಕ್ಷಣೆ ಶುರುವಾಗಲು ಒಂದು ವಾರ ಬೇಕು, ಹಾಗಾಗಿ ಅದೂ ಇವತ್ತೇ. ಧನುರ್ವಾಯು ಬೂಸ್ಟರ್ ಹತ್ತು ವರ್ಷ ಹಳೆಯದಾಗಿದ್ದರೆ ಅದೂ ಇರಲಿ.

ಮಲೇರಿಯಾ ಇರುವ ಪ್ರದೇಶವಾದರೆ ತಡೆಮಾತ್ರೆಯಾಗಿ ಮೆಫ್ಲೋಕ್ವಿನ್ ಈಗ ಹೊಂದುವುದಿಲ್ಲ, ಅದನ್ನು ಎರಡು ಮೂರು ವಾರ ಮುಂಚೆ ಶುರು ಮಾಡಬೇಕು. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಹೋಗುವುದಕ್ಕೆ ಒಂದೆರಡು ದಿನ ಮುಂಚೆ ಶುರು ಮಾಡಿದರೆ ಸಾಕು, ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ತುಂಬು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆಯಾದರೂ ಮಲಗದೆ ಇರಬೇಕು ಎಂದು ಪ್ರತಿಯೊಬ್ಬರಿಗೂ ಹೇಳಿ. ಕ್ಯಾಂಪಿನಲ್ಲಿ ರಾತ್ರಿ ಮಾತ್ರೆ ಬಾಯಿಗೆ ಹಾಕಿ ಒಂದು ಗುಟುಕು ನೀರು ಕುಡಿದು ಹಾಗೇ ಒರಗಿದವರಿಗೆ ಅದು ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ.

ಸೂಜಿ ಚುಚ್ಚಿಕೊಂಡವರಿಗಾಗಿ ಎಚ್‌ಐವಿ ತಡೆಯ 28 ದಿನದ ಪೂರ್ತಿ ಔಷಧಿ ಎರಡು ಸೆಟ್ ಮುಖ್ಯಸ್ಥರ ಕೈಚೀಲದಲ್ಲೇ ಇರಬೇಕು. ಮೊದಲ ಡೋಸ್ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟುವಂತಿಲ್ಲ. ಸರಕಿನ ಪೆಟ್ಟಿಗೆಯಲ್ಲಿ ಹಾಕಿದರೆ ಬೇಕಾದಾಗ ಸಿಗುವುದಿಲ್ಲ.

ಇನ್ನೊಂದು ಮಾತನ್ನು ತಂಡಕ್ಕೆ ಇವತ್ತೇ ಕೂರಿಸಿಕೊಂಡು ಹೇಳಬೇಕು. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಕಾಲರಾ ಹುಟ್ಟಿಕೊಂಡದ್ದು ಹೊರಗಿನಿಂದ ಬಂದ ಶಾಂತಿಪಾಲಕರ ಶಿಬಿರದ ಕೊಳಚೆ ನದಿಗೆ ಸೇರಿದ್ದರಿಂದ. ಮುಂದಿನ ವರ್ಷಗಳಲ್ಲಿ ಸುಮಾರು 10,000 ಜನ ಸತ್ತರು. ಸಹಾಯಕ್ಕೆ ಬಂದವರ ಪಾಯಿಖಾನೆಯೂ ಒಂದು ದೇಶವನ್ನು ಕಾಡಬಲ್ಲದು. ಹೊರಡುವ ವಾರದಲ್ಲಿ ಭೇದಿ, ಜ್ವರ, ಕೆಮ್ಮು ಇದ್ದವರು ಹಿಂದೆ ಉಳಿಯುತ್ತಾರೆ. ಈ ನಿಯಮ ಮುಖ್ಯಸ್ಥರಿಗೂ ಅನ್ವಯ.

ದಿನ 4 ಮತ್ತು 5: ಔಷಧಿಯ ಲೆಕ್ಕ

ಇದಕ್ಕೆ ಎರಡು ದಿನ ಪೂರ್ತಿ ಬೇಕು, ಕಡಿಮೆಯಲ್ಲಿ ಮುಗಿಸಿದವರು ಅಲ್ಲಿ ಹೋಗಿ ಪೇಚಾಡುತ್ತಾರೆ. ಮೊದಲು ಒಂದು ಸತ್ಯ ಒಪ್ಪಿಕೊಳ್ಳಬೇಕು. ನಾವು ಇಳಿಯುವ ಹೊತ್ತಿಗೆ ಭೂಕಂಪವಾಗಿ ಎರಡು ವಾರ ಆಗಿರುತ್ತದೆ. ಕೈಕಾಲು ಜಜ್ಜಿದವರ ಮೊದಲ ಅಲೆ ಮುಗಿದಿರುತ್ತದೆ. ಬರುವವರು ಕೀವಾದ ಗಾಯದವರು, ಮಾತ್ರೆಡಬ್ಬಿ ಮನೆಯಡಿ ಹೂತುಹೋದ ಬಿಪಿ, ಸಕ್ಕರೆ ಕಾಯಿಲೆಯವರು, ತುಂಬು ಬಸುರಿಯರು, ಭೇದಿ ಮತ್ತು ನ್ಯುಮೋನಿಯಾದ ಮಕ್ಕಳು, ನಿದ್ದೆ ಬಾರದವರು. ಪೆಟ್ಟಿಗೆಗಳು ಅವರಿಗಾಗಿ ತುಂಬಬೇಕು.

ಒಟ್ಟು 1,400 ಭೇಟಿಗಳು ಎಂದು ಹಿಡಿದು ಲೆಕ್ಕ ಹೀಗೆ ಸಾಗುತ್ತದೆ. ಅರ್ಧ ಜನಕ್ಕೆ ಪ್ಯಾರಾಸಿಟಮಾಲ್ ಬೇಕು, ತಲಾ 15 ಮಾತ್ರೆ ಎಂದರೆ 10,500. ಸಾವಿರದ ಡಬ್ಬಿ 11 ಇರಲಿ. ದಿನಕ್ಕೆ ಹದಿನೈದು ಭೇದಿ ಪ್ರಕರಣ, ತಲಾ ನಾಲ್ಕು ಓಆರ್‌ಎಸ್ ಪೊಟ್ಟಣ, 840 ಆಗುತ್ತದೆ, 1,000 ಒಯ್ಯಿರಿ. ಒಂದು ಲೀಟರಿಗೆ 20.5 ಗ್ರಾಮಿನ ಪೊಟ್ಟಣವೇ ಆಗಿರಲಿ. 200 ಮಿ.ಲೀ. ಪೊಟ್ಟಣವೂ ಬೆರೆತರೆ ತಾಯಂದಿರು ಒಂದರ ಅಳತೆಯಲ್ಲಿ ಇನ್ನೊಂದನ್ನು ಕಲಸುತ್ತಾರೆ, ಮಗುವಿಗೆ ಉಪ್ಪು ಹೆಚ್ಚಾಗುತ್ತದೆ. ದಿನಕ್ಕೆ ಹತ್ತು ಬಿಪಿ ರೋಗಿಗಳಿಗೆ ಆಮ್ಲೋಡಿಪಿನ್ 5 ಮಿ.ಗ್ರಾಂ., ತಲಾ 30 ದಿನಕ್ಕೆ, ಒಟ್ಟು 4,200. ವಾರದಷ್ಟು ಮಾತ್ರೆ ಕೊಟ್ಟರೆ ಏಳು ದಿನದ ಮೇಲೆ ಅದೇ ಜನ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ, ಅಥವಾ ನಿಲ್ಲಲಾಗದೆ ಮಾತ್ರೆ ಬಿಡುತ್ತಾರೆ. ಕೈಗವಸು ರೋಗಿಗೆ ಎರಡು ಜೊತೆಯಂತೆ ದಿನಕ್ಕೆ ನೂರರ ಪೆಟ್ಟಿಗೆ ನಾಲ್ಕು, 14 ದಿನಕ್ಕೆ 56. ಶುಚಿಕೆಲಸದವರದ್ದೂ ಸೇರಿ 70. ಸಣ್ಣ, ಮಧ್ಯಮ, ದೊಡ್ಡ ಮೂರೂ ಅಳತೆ ಇರಲಿ.

ಡ್ರಿಪ್ ಬಾಟಲಿಗಳು ತೂಕದ ಶತ್ರು. ತೀವ್ರ ಕಾಲರಾದ ಒಬ್ಬ ವಯಸ್ಕನಿಗೆ 8ರಿಂದ 10 ಲೀಟರ್ ರಿಂಗರ್ ಲ್ಯಾಕ್ಟೇಟ್ ಬೇಕಾಗಬಹುದು. ನೂರು ಜನಕ್ಕೆ ಒಯ್ಯಲು ಹೋದರೆ ಒಂದು ಟನ್ ಆಗುತ್ತದೆ. ಇದನ್ನು ಆ ದೇಶದ ಆರೋಗ್ಯ ಇಲಾಖೆಯ ಸಮನ್ವಯ ಘಟಕದವರನ್ನು ಕೇಳಿ ಸ್ಥಳದಲ್ಲೇ ಪಡೆಯುವ ವ್ಯವಸ್ಥೆ ಮಾಡಿಕೊಂಡು, ತುರ್ತಿಗೆಂದು 40 ಲೀಟರ್ ಮಾತ್ರ ಜೊತೆಗೆ ಇರಿಸಿ. ಅದರಲ್ಲಿ ಅರ್ಧ ಸಾಮಾನ್ಯ ಸಲೈನ್ ಆಗಿರಲಿ. ಮಾಂಸಖಂಡ ಜಜ್ಜಿದವರ ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಏರಿರುತ್ತದೆ, ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಅವರಿಗೆ ಸಲ್ಲದು.

ಹೆರಿಗೆಗೆ ಆಕ್ಸಿಟೋಸಿನ್ ಬೇಕು, ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ ಕೈಕೊಟ್ಟರೆ ಎಂದು ಮಿಸೊಪ್ರೊಸ್ಟಾಲ್ ಮಾತ್ರೆಯೂ ಇರಲಿ. ಅದಕ್ಕೆ ತಂಪು ಬೇಡ, ಆದರೆ ತೇವ ತಾಗಬಾರದು, ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಬಸುರಿಯರ ನಂಜಿನ ಸೆಳೆತಕ್ಕೆ ಮೆಗ್ನೀಸಿಯಂ ಸಲ್ಫೇಟ್, ಅದರ ಜೊತೆಯಲ್ಲೇ ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲುಕೊನೇಟ್, ಎರಡೂ ಒಂದೇ ಚೀಲದಲ್ಲಿ.

ದಾನವಾಗಿ ಬರುವ ಔಷಧಿಯ ವಿಷಯದಲ್ಲಿ ಮುಲಾಜು ಕೂಡದು. 2004ರ ಡಿಸೆಂಬರಿನ ಸುನಾಮಿಯ ನಂತರ ಇಂಡೊನೇಷ್ಯಾದ 'ಆಚೆ' (Aceh) ಎಂಬ ಪ್ರಾಂತಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಬಹುಪಾಲು ಅಲ್ಲಿನವರಿಗೆ ಓದಲಾಗದ ಭಾಷೆಯ ಚೀಟಿಯದ್ದು, ದೇಶದ ಅಗತ್ಯ ಔಷಧಿ ಪಟ್ಟಿಯಲ್ಲಿ ಇಲ್ಲದ್ದು. ನೂರಾರು ಟನ್ನುಗಳನ್ನು ನಾಶ ಮಾಡುವ ಹೊಣೆಯೂ ಸಂತ್ರಸ್ತರ ತಲೆಗೇ ಬಂತು. ಅಲ್ಲಿ ತಲುಪುವಾಗ ಕನಿಷ್ಠ ಒಂದು ವರ್ಷ ಎಕ್ಸ್‌ಪೈರಿ ಉಳಿದಿರಬೇಕು, ಡಬ್ಬಿಯ ಮೇಲೆ ಕಂಪನಿಯ ಹೆಸರಷ್ಟೇ ಅಲ್ಲದೆ ಔಷಧಿಯ ಮೂಲ ಹೆಸರು ಇರಬೇಕು, ಯಾರೋ ಅರ್ಧ ಬಳಸಿ ಬಿಟ್ಟ ಪಟ್ಟಿ ಒಂದೂ ಬೇಡ. ಮನೆಮನೆಯಿಂದ ಸಂಗ್ರಹಿಸಿದ ಚೀಲ ತಂದುಕೊಟ್ಟವರಿಗೆ ಕೈಮುಗಿದು ಹಿಂದಿರುಗಿಸಿ.

ಮಾರ್ಫಿನ್, ಡಯಾಜೆಪಾಮ್, ಮಿಡಾಜೊಲಾಮ್ ಅಂತರರಾಷ್ಟ್ರೀಯ ನಿಯಂತ್ರಣದಲ್ಲಿರುವ ಔಷಧಿಗಳು. ಮಾರ್ಫಿನ್‌ನಂಥದ್ದಕ್ಕೆ ಆ ದೇಶದ ಆಮದು ಅನುಮತಿ ಮೊದಲು, ಅದರ ಮೇಲೆ ಈ ಕಡೆಯ ರಫ್ತು ಅನುಮತಿ. ತುರ್ತು ಪರಿಸ್ಥಿತಿಗೆ ಸರಳ ಕ್ರಮವೊಂದು 1996ರಿಂದ ಇದೆ, ಆದರೂ ಎರಡೂ ಕಡೆಯ ಅಧಿಕಾರಿಗಳು ಒಪ್ಪಿದರೆ ಮಾತ್ರ. ಕೆಟಮಿನ್ ಮತ್ತು ಟ್ರಮಡಾಲ್ ಆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲವೆಂದು ನಿಶ್ಚಿಂತೆಯಿಂದ ಒಯ್ಯಬೇಡಿ. ಹಲವು ದೇಶಗಳು ತಮ್ಮದೇ ಕಾನೂನಿನಲ್ಲಿ ಅವನ್ನು ಬಿಗಿ ಮಾಡಿವೆ. ಕೈಚೀಲದಲ್ಲಿ ಒಂದು ಮಾತ್ರೆ ಪಟ್ಟಿ ಸಿಕ್ಕರೂ ತಂಡದವರು ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತದೆ.

ದಿನ 6: ನೀರು ಮತ್ತು ಕರೆಂಟು

ಹೊರರೋಗಿಗೆ 5 ಲೀಟರ್ ನೀರು ಎಂಬುದು ಒಪ್ಪಿತ ಲೆಕ್ಕ, 100 ಜನಕ್ಕೆ 500. ತಂಡಕ್ಕೆ ತಲಾ 20ರಂತೆ 320. ತೊಳೆಯಲು, ಕ್ಲೋರಿನ್ ದ್ರಾವಣಕ್ಕೆ, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿಗೆ 180. ದಿನಕ್ಕೆ 1,000 ಲೀಟರ್. ಐದು ಸಾವಿರ ಲೀಟರಿನ ಮಡಚುವ ಟ್ಯಾಂಕ್ ಒಂದಿದ್ದರೆ ಟ್ಯಾಂಕರ್ ನಾಲ್ಕು ದಿನ ಬಾರದಿದ್ದರೂ ಕ್ಲಿನಿಕ್ ನಿಲ್ಲುವುದಿಲ್ಲ. ತುಂಬಿದಾಗ ಅದರ ತೂಕ ಐದು ಟನ್, ಕೆಳಗೊಂದು ಚೂಪು ಕಲ್ಲು ಉಳಿದರೂ ಹರಿಯುತ್ತದೆ.

ಕರೆಂಟಿಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಎರಡು, ತಲಾ 350 ವಾಟ್, ಎಂಟು ಗಂಟೆ. ಆಟೋಕ್ಲೇವ್ 2 ಕಿಲೋವಾಟ್, ಎರಡು ಗಂಟೆ. ಫ್ರಿಜ್, ದೀಪ, ಲ್ಯಾಪ್‌ಟಾಪ್ ಸೇರಿ ಮೂರು ಯುನಿಟ್. ಒಟ್ಟು ಸುಮಾರು 13 ಯುನಿಟ್. ಸಣ್ಣ ಜನರೇಟರ್ ಅರೆ ಹೊರೆಯಲ್ಲಿ ಓಡುವಾಗ ಲೀಟರ್ ಡೀಸೆಲ್‌ಗೆ ಎರಡು ಯುನಿಟ್ ಕೊಟ್ಟರೆ ಹೆಚ್ಚು. ದಿನಕ್ಕೆ ಆರೇಳು ಲೀಟರ್, 14 ದಿನಕ್ಕೆ ನೂರರ ಹತ್ತಿರ. ಕಾನ್ಸೆಂಟ್ರೇಟರ್ ಮತ್ತು ಆಟೋಕ್ಲೇವನ್ನು ಒಟ್ಟಿಗೆ ಹಚ್ಚಬೇಡಿ. ಹೋಗುವ ದೇಶದಲ್ಲಿ 230 ವೋಲ್ಟೇ, 110 ವೋಲ್ಟೇ, 50 ಹರ್ಟ್ಸೇ, 60 ಹರ್ಟ್ಸೇ ನೋಡಿಕೊಳ್ಳಿ. ಪ್ಲಗ್ ಅಡಾಪ್ಟರ್ ಹಾಕಿದರೆ ಪಿನ್ನು ಕೂರುತ್ತದೆ, ವೋಲ್ಟೇಜ್ ಬದಲಾಗುವುದಿಲ್ಲ. ಆಟೋಕ್ಲೇವಿನ ಕಾಯಿಲ್ ಸುಟ್ಟುಹೋಗುವುದು ಈ ಗೊಂದಲದಿಂದ.

ದಿನ 7: ಪೆಟ್ಟಿಗೆ ಕಟ್ಟುವುದು

60×40×40 ಸೆಂ.ಮೀ. ಪ್ಲಾಸ್ಟಿಕ್ ಪೆಟ್ಟಿಗೆ ಅನುಕೂಲ. ವಿಮಾನ ಸರಕಿನಲ್ಲಿ ಗಾತ್ರವನ್ನೂ ತೂಕಕ್ಕೆ ತಿರುಗಿಸುತ್ತಾರೆ, 6,000 ಘನ ಸೆಂ.ಮೀ.ಗೆ ಒಂದು ಕಿಲೋ. ಈ ಪೆಟ್ಟಿಗೆ ಆ ಲೆಕ್ಕಕ್ಕೆ 16 ಕಿಲೋ. ಬರೀ ಹತ್ತಿ, ಗಾಜ್ ತುಂಬಿ 7 ಕಿಲೋ ಆದರೂ ದುಡ್ಡು ಕಟ್ಟುವುದು 16ಕ್ಕೆ. ಬರೀ ಮಾತ್ರೆ ತುಂಬಿದರೆ 40 ಕಿಲೋ ಆಗಿ ಒಬ್ಬರ ಕೈಯಲ್ಲಿ ಎತ್ತಲಾಗದು. ಅಡಿಯಲ್ಲಿ ಮಾತ್ರೆ ಡಬ್ಬಿ, ಮೇಲೆ ಗಾಜ್, ಎಲ್ಲ ಸೇರಿ 22 ಕಿಲೋ ಸುತ್ತ ನಿಲ್ಲಿಸಿ. ನಮ್ಮ ಲೆಕ್ಕದ ಔಷಧಿ ಮತ್ತು ಉಪಕರಣಗಳು ಹೀಗೆ 64 ಪೆಟ್ಟಿಗೆಗೆ, ಸುಮಾರು 1,400 ಕಿಲೋಗೆ ಬರುತ್ತವೆ.

'ಮಾತ್ರೆಗಳೆಲ್ಲ ಒಂದು ಕಡೆ, ಸೂಜಿಗಳೆಲ್ಲ ಒಂದು ಕಡೆ' ಎಂದು ಜೋಡಿಸುವುದು ನೋಡಲು ಚೆಂದ. ಒಂದು ಪೆಟ್ಟಿಗೆ ಕಳೆದುಹೋದರೆ ಮಾತ್ರ ಇಡೀ ಕ್ಲಿನಿಕ್ಕಿಗೆ ಸೂಜಿಯೇ ಇರುವುದಿಲ್ಲ. ಮುಖ್ಯ ವಸ್ತುಗಳನ್ನು ಕನಿಷ್ಠ ಎರಡು ಪೆಟ್ಟಿಗೆಗೆ ಹಂಚಿ. ಜೋಡಿ ಬೇಕಾದ ವಸ್ತುಗಳು ಒಟ್ಟಿಗೇ ಇರಲಿ. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಜೊತೆ ಅದೇ ಮಾಡೆಲಿನ ಪರೀಕ್ಷಾ ಪಟ್ಟಿ, ಹೊಲಿಗೆ ದಾರದ ಜೊತೆ ಸೂಜಿ ಹಿಡಿಯುವ ಚಿಮಟ, ನೆಬ್ಯುಲೈಜರ್ ಜೊತೆ ಮಕ್ಕಳ ಮಾಸ್ಕು. ಗ್ಲುಕೋಮೀಟರಿನ ಪಟ್ಟಿ ಬಿಸಿಲಿನಲ್ಲಿ ಕೆಡುತ್ತದೆ, ಅದು ಜನರ ಜೊತೆ ಹೋಗಲಿ.

ಆರು ಪೆಟ್ಟಿಗೆಗಳಿಗೆ ಕೆಂಪು ಪಟ್ಟಿ. ಇವು ಸರಕಿನಲ್ಲಿ ಹೋಗದೆ ಜನರ ಲಗೇಜಾಗಿ ಅದೇ ವಿಮಾನದಲ್ಲಿ ಬರುತ್ತವೆ. ಉಳಿದ 58 ಕಸ್ಟಮ್ಸ್‌ನಲ್ಲಿ ನಾಲ್ಕು ದಿನ ಕೂತರೂ ಈ ಆರರಿಂದಲೇ ದಿನಕ್ಕೆ ಐವತ್ತು ರೋಗಿಗಳಂತೆ ಎರಡು ದಿನ ನಡೆಯಬೇಕು. ಬಿಪಿ ಯಂತ್ರ, ಸ್ಟೆತೊಸ್ಕೋಪು, ಪಲ್ಸ್ ಆಕ್ಸಿಮೀಟರ್, ಗಾಯ ತೊಳೆಯುವ ಸೆಟ್, ಹೆರಿಗೆ ಸೆಟ್ ಎರಡು, ಓಆರ್‌ಎಸ್ 100, ಅತ್ಯಗತ್ಯ ಔಷಧಿ, ನೋಂದಣಿ ಪುಸ್ತಕ, ಪೆನ್ನು, ಹೆಡ್‌ಲ್ಯಾಂಪು. ನಮ್ಮ ಮಟ್ಟಿಗೆ ಇಡೀ ತಯಾರಿಯಲ್ಲಿ ಅತಿ ಬೆಲೆಬಾಳುವುದು ಈ ಆರು ಪೆಟ್ಟಿಗೆಗಳೇ.

ವಿಮಾನ ಒಪ್ಪದ ವಸ್ತುಗಳನ್ನು ಇವತ್ತೇ ಬೇರೆ ಮಾಡಿ. ಕ್ಲೋರಿನ್ ಪುಡಿ ಆಕ್ಸಿಡೈಸರ್ ವರ್ಗದ್ದು, ಲಗೇಜಿನಲ್ಲಿ ಖಂಡಿತ ಕೂಡದು. ತುಂಬಿದ ಆಕ್ಸಿಜನ್ ಸಿಲಿಂಡರ್ ಮತ್ತು ಕ್ಯಾನುಗಟ್ಟಲೆ ಸ್ಪಿರಿಟ್ ಹ್ಯಾಂಡ್‌ರಬ್ ಕೂಡ ಅಪಾಯಕಾರಿ ಸರಕೇ. ಜನರೇಟರಿನ ಟ್ಯಾಂಕು ಪೂರ್ತಿ ಬಸಿದು ಒಣಗಿಸದಿದ್ದರೆ ವಾಸನೆಗೇ ತಿರಸ್ಕರಿಸುತ್ತಾರೆ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 100 ವಾಟ್‌ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದ್ದು ಪ್ರಯಾಣಿಕರ ಜೊತೆ ಹೋಗುವುದಿಲ್ಲ.

ಪ್ರತಿ ಪೆಟ್ಟಿಗೆಯ ಪಟ್ಟಿಯಲ್ಲಿ ಔಷಧಿಯ ಮೂಲ ಹೆಸರು, ಶಕ್ತಿ, ಸಂಖ್ಯೆ, ಬ್ಯಾಚ್ ನಂಬರು, ಎಕ್ಸ್‌ಪೈರಿ, ಅಂದಾಜು ಬೆಲೆ ಇರಬೇಕು. 'ಬೆಲೆಯಿಲ್ಲ, ದಾನ' ಎಂದು ಬರೆದ ಪಟ್ಟಿಯನ್ನು ಕಸ್ಟಮ್ಸ್‌ನವರು ವಾಪಸ್ ಕೊಡುತ್ತಾರೆ. ಬೆಲೆ ನಮೂದಿಸಿ, ಮಾರಾಟಕ್ಕಲ್ಲ ಎಂದು ಪಕ್ಕದಲ್ಲಿ ಬರೆಯಿರಿ. ಮುಚ್ಚಳದ ಒಳಗೊಂದು ಪ್ರತಿ, ಹೊರಗಿನ ಚೀಲದಲ್ಲೊಂದು, ಕಸ್ಟಮ್ಸ್‌ಗೊಂದು, ಲಾಜಿಸ್ಟಿಕ್ಸ್‌ನವರ ಫೈಲಿನಲ್ಲೊಂದು. ಪಟ್ಟಿ ಬರೆದ ಮೇಲೆ ಯಾರಾದರೂ 'ಇದೊಂದು ಸೇರಿಸಿಬಿಡಿ' ಎಂದು ಮುಚ್ಚಳ ತೆಗೆದರೆ ನಾಲ್ಕೂ ಪ್ರತಿ ತಿದ್ದಬೇಕು. ಪಟ್ಟಿಯಲ್ಲಿಲ್ಲದ ಒಂದು ಡಬ್ಬಿ ಸಿಕ್ಕರೆ ಅವರು 64 ಪೆಟ್ಟಿಗೆಗಳನ್ನೂ ಬಿಚ್ಚಿಸಬಹುದು.

ದಿನ 8: ಬಯಲಿನಲ್ಲಿ ತಾಲೀಮು

ಟೆಂಟು ಕಟ್ಟುವುದನ್ನು ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಬೆಳಕಿನಲ್ಲೇ ಮಾಡಿ ನೋಡಬೇಕು, ತಂಡಗಳು ಅಲ್ಲಿ ತಲುಪುವುದು ಬಹಳ ಸಲ ಆ ಹೊತ್ತಿಗೇ. ಗೂಟ ಸಾಲದ್ದು, ಕೊಳವೆಗಳಿಗೆ ಗುರುತಿಲ್ಲದ್ದು, ಸುತ್ತಿಗೆ ಒಂದೇ ಇದ್ದದ್ದು ಆಗ ಗೊತ್ತಾಗುತ್ತದೆ. ಆಮೇಲೆ ಒಬ್ಬರು ರೋಗಿಯಾಗಿ ನಡೆಯಲಿ. ಗೇಟು, ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಜಾಗ), ನೋಂದಣಿ, ಕಾಯುವ ಜಾಗ, ವೈದ್ಯರು, ಡ್ರೆಸಿಂಗ್, ಔಷಧಿ, ಹೊರದಾರಿ. ಎಲ್ಲಿಯೂ ಬಂದ ದಾರಿಯಲ್ಲಿ ಹಿಂದಿರುಗುವಂತಿರಬಾರದು. ಭೇದಿಯವರ ಟೆಂಟಿಗೆ ಬಾಗಿಲು ಬೇರೆ, ಪಾಯಿಖಾನೆಯೂ ಬೇರೆ.

ಕ್ಲೋರಿನ್ ಕಲಸುವುದನ್ನು ಪ್ರತಿಯೊಬ್ಬರೂ ಕೈಯಾರೆ ಮಾಡಲಿ. ತಾಲೀಮಿನ ಪುಡಿ ಇಲ್ಲಿಯದು, ಕೆಲಸದ ಪುಡಿ ಅಲ್ಲಿಯೇ ಸಿಗುತ್ತದೆ. 70 ಶೇಕಡಾ ಪುಡಿಯಾದರೆ 20 ಲೀಟರ್ ಬಕೆಟಿಗೆ 140 ಗ್ರಾಂ ಹಾಕಿದರೆ 0.5 ಶೇಕಡಾ ದ್ರಾವಣ, ನೆಲ ಮತ್ತು ವಾಂತಿ ಬಿದ್ದ ಜಾಗಕ್ಕೆ. ಅದರ ಹತ್ತನೇ ಒಂದು, 14 ಗ್ರಾಂ ಹಾಕಿದರೆ 0.05, ಕೈ ತೊಳೆಯಲು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿಯಬಾರದು. ಎರಡು ಬಕೆಟಿಗೂ ಒಂದೇ ಬಣ್ಣ ಇದ್ದರೆ ಒಂದಲ್ಲ ಒಂದು ದಿನ ಯಾರೋ 0.5ರಲ್ಲಿ ಕೈ ತೊಳೆಯುತ್ತಾರೆ, ಬಣ್ಣ ಬೇರೆಯೇ ಇರಲಿ.

ದಿನ 9: ಒಂದೇ ಪುಟದ ನಿಯಮಗಳು

ಹದಿನಾರು ಜನ ಹದಿನಾರು ಕಡೆ ಕಲಿತವರು. ಗಾಯ, ಭೇದಿ, ಮಕ್ಕಳ ನ್ಯುಮೋನಿಯಾ, ಹೆರಿಗೆ, ನೋವು ಇವುಗಳಿಗೆ ತಲಾ ಒಂದು ಪುಟದ ನಿಯಮ ಬರೆದು ಎಲ್ಲರೂ ಓದಿ ಸಹಿ ಹಾಕಬೇಕು. ಗಾಯದ ಪುಟದ ಮೊದಲ ಸಾಲು ಹೀಗಿರಲಿ: ಮಣ್ಣು ಹೊಕ್ಕ ಗಾಯವನ್ನು ಮೊದಲ ದಿನ ಹೊಲಿಯುವುದಿಲ್ಲ. ಸತ್ತ ಮಾಂಸ ತೆಗೆದು, ಧಾರಾಳ ನೀರಿನಲ್ಲಿ ತೊಳೆದು, ತೆರೆದೇ ಕಟ್ಟಿ, ನಾಲ್ಕೈದು ದಿನದ ಮೇಲೆ ಶುದ್ಧವಾಗಿ ಕಂಡರೆ ಹೊಲಿಗೆ.

ದಿನ 10: ಐಸ್ ಪ್ಯಾಕ್‌ಗಳು, ಮತ್ತು ಹೊರಡುವುದು

ಬೆಳಿಗ್ಗೆ ರೇಬೀಸಿನ ಎರಡನೇ ಡೋಸ್. ಉಳಿದ ದಿನವೆಲ್ಲ ತಂಪು ಪೆಟ್ಟಿಗೆಯದ್ದು. ಧನುರ್ವಾಯು ಲಸಿಕೆ, ಆಕ್ಸಿಟೋಸಿನ್, ಇನ್ಸುಲಿನ್ ಮೂರಕ್ಕೂ ಶಾಖದಷ್ಟೇ ಹಿಮವೂ ವೈರಿ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಪಕ್ಕದಲ್ಲಿಟ್ಟರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ, ಕರಗಿದ ಮೇಲೆ ನೋಡಿದರೆ ಒಮ್ಮೊಮ್ಮೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಪ್ಯಾಕುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ಮೊದಲು ಬಿಳಿ ಹಿಮದ ಪುಡಿ ಕೂರುತ್ತದೆ, ಮೆಲ್ಲಗೆ ಅದು ಬೆವರಾಗಿ ಹನಿಯುತ್ತದೆ. ಆಗ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಐಸ್ ಗಡ್ಡೆ ಸಡಿಲಾಗಿ ನೀರಿನಲ್ಲಿ ಕುಲುಕುವ ಸದ್ದು ಕೇಳಿದರೆ ಪ್ಯಾಕ್ ಸೊನ್ನೆ ಡಿಗ್ರಿಗೆ ಬಂದಿದೆ. ಸದ್ದಿಲ್ಲದ್ದನ್ನು ಮತ್ತೆ ಮೇಜಿಗೆ. ಕೋಣೆ 20 ಡಿಗ್ರಿ ಇದ್ದರೆ ಒಂದು ಗಂಟೆಯ ಮೇಲೂ ಹಿಡಿಯಬಹುದು, ಆದ್ದರಿಂದ ವಾಹನ ಬರುವ ಎರಡು ಗಂಟೆ ಮೊದಲೇ ಶುರು ಮಾಡಿ. ಪೆಟ್ಟಿಗೆಯೊಳಗೆ ಒಂದು ತಾಪಮಾಪಕ, ಒಂದು ಹಿಮಸೂಚಕ. ಯಾರ ಕೈಯಲ್ಲಿ ಈ ಪೆಟ್ಟಿಗೆ ಇರುತ್ತದೋ ಅವರಿಗೆ ಬೇರೆ ಲಗೇಜು ಕೊಡಬೇಡಿ.

ದಿನ 11: ಇಳಿಯುವುದು

ವಿಮಾನ ನಿಲ್ದಾಣದಲ್ಲೇ ತಂಡಗಳ ಆಗಮನ ಕೇಂದ್ರವಿರುತ್ತದೆ. ಹೊರಗೆ ಕರೆದೊಯ್ಯಲು ಯಾರು ಬಂದು ನಿಂತಿದ್ದರೂ ಮೊದಲು ಅಲ್ಲಿ ನೋಂದಾಯಿಸಿ. ಅಲ್ಲಿಂದ ಆರೋಗ್ಯ ಇಲಾಖೆಯ ಸಮನ್ವಯ ಘಟಕ. ಕೆಲಸದ ಜಾಗ ಗೊತ್ತು ಮಾಡುವವರು ಅವರೇ. ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಊರು ಸಿಗದಿರಬಹುದು, ಕೊಟ್ಟ ಊರಿಗೆ ಹೋಗಬೇಕು. ಕೆಂಪು ಪಟ್ಟಿಯ ಆರು ಪೆಟ್ಟಿಗೆ ಜೊತೆಗೆ ಬರುತ್ತವೆ, ಸರಕಿಗಾಗಿ ಲಾಜಿಸ್ಟಿಕ್ಸ್‌ನ ಒಬ್ಬರು ನಿಲ್ದಾಣದಲ್ಲೇ ಉಳಿಯುತ್ತಾರೆ.

ಯಾವ ಆಸ್ಪತ್ರೆ ಇನ್ನೂ ನಡೆಯುತ್ತಿದೆ, ಹೆರಿಗೆ ಕಷ್ಟವಾದರೆ ಯಾರಿಗೆ ಫೋನು, ಆಂಬುಲೆನ್ಸ್ ಎಷ್ಟು ಹೊತ್ತು, ಡೀಸೆಲ್ ಮತ್ತು ಕ್ಲೋರಿನ್ ಪುಡಿ ಎಲ್ಲಿ ಸಿಗುತ್ತದೆ, ಇಷ್ಟನ್ನು ಬರೆದುಕೊಳ್ಳದೆ ಆ ಕಚೇರಿಯಿಂದ ಏಳಬೇಡಿ. ದುಭಾಷಿಗಳು ಆರು ಜನ ಬೇಕು, ಅವರಲ್ಲಿ ಕನಿಷ್ಠ ಮೂವರು ಹೆಂಗಸರು. ರೋಗಿಯ ಮಗುವನ್ನೇ ದುಭಾಷಿ ಮಾಡಿಕೊಳ್ಳುವುದು ಬೇಡ. ಅಮ್ಮನ ರಕ್ತಸ್ರಾವದ ಮಾತನ್ನು ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸಬಾರದು.

ದಿನ 12: ಜಾಗ

ಒಡೆದ ಕಟ್ಟಡದಿಂದ ಅದರ ಎತ್ತರದಷ್ಟಾದರೂ ದೂರ, ಸ್ವಲ್ಪ ಇಳಿಜಾರಿನ, ವಾಹನ ಬರುವ ನೆಲ ಹುಡುಕಿ. ಪಾಯಿಖಾನೆ ನೀರಿನ ಮೂಲದಿಂದ 30 ಮೀಟರ್ ಆಚೆ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲೆ. ಜನರೇಟರ್ ಟೆಂಟಿಗೆ ಗಾಳಿ ಬರುವ ದಿಕ್ಕಿನಲ್ಲಿ ಇರಬಾರದು, ಹೊಗೆಯ ವಿಷಗಾಳಿಗೆ ವಾಸನೆಯಿಲ್ಲ.

ನೀರಿಗೆ ಎಷ್ಟು ಕ್ಲೋರಿನ್ ಎಂಬುದನ್ನು ಊಹಿಸಬೇಡಿ. ನೀರು ಕಲಕಾಗಿದ್ದರೆ ಮೊದಲು ತಿಳಿಗೊಳಿಸಿ. ಒಂದು ಶೇಕಡಾ ದ್ರಾವಣ ಮಾಡಿಕೊಂಡು ನಾಲ್ಕು 20 ಲೀಟರ್ ಬಕೆಟ್ ನೀರಿಗೆ 1, 2, 3, 4 ಮಿ.ಲೀ. ಹಾಕಿ ಕಲಕಿ, ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಪರೀಕ್ಷಿಸಿದಾಗ ಯಾವ ಬಕೆಟಿನಲ್ಲಿ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ. ಕ್ಲೋರಿನ್ ಉಳಿದಿರುತ್ತದೋ ಅದೇ ಅಳತೆ. 2 ಮಿ.ಲೀ. ಬಕೆಟ್ ಸರಿಹೋದರೆ ಸಾವಿರ ಲೀಟರಿಗೆ 100 ಮಿ.ಲೀ. ಟ್ಯಾಂಕರ್ ಬದಲಾದರೆ ಮತ್ತೆ ಪರೀಕ್ಷೆ.

ದಿನ 13: ಮೊದಲ ರೋಗಿ

ಗೇಟು ತೆರೆಯುವ ಮುನ್ನವೇ ಸಾಲು ಇರುತ್ತದೆ. ನರ್ಸೊಬ್ಬರು ಸಾಲಿನ ಉದ್ದಕ್ಕೂ ನಡೆದು ಏದುಸಿರು ಬಿಡುವವರನ್ನು, ಜೋತುಬಿದ್ದ ಮಕ್ಕಳನ್ನು, ನೋವು ತಿನ್ನುವ ಬಸುರಿಯರನ್ನು ಮೊದಲು ಒಳಗೆ ಕಳಿಸಲಿ. ಬಂದ ಮಕ್ಕಳೆಲ್ಲರ ತೋಳಿಗೆ ಅಳತೆಪಟ್ಟಿ. ಆರು ತಿಂಗಳಿಂದ ಐದು ವರ್ಷದವರಲ್ಲಿ 115 ಮಿ.ಮೀ.ಗಿಂತ ಕಡಿಮೆಯೆಂದರೆ ತೀವ್ರ ಅಪೌಷ್ಟಿಕತೆ.

ಮೊದಲ ವಾರ ಗಡಿಬಿಡಿಯಲ್ಲಿ ಹೊಲಿದ ಗಾಯಗಳು ಈಗ ಕೆಂಪಗೆ ಊದಿ ಬರುತ್ತವೆ. ಹೊಲಿಗೆ ಬಿಚ್ಚಿದರೆ ಕೀವು ಸುರಿಯುತ್ತದೆ. ಹೊಲಿದವರನ್ನು ರೋಗಿಯ ಮುಂದೆ ದೂರಬೇಡಿ, ತೊಳೆದು ತೆರೆದೇ ಕಟ್ಟಿ. ದವಡೆ ಬಿಗಿಯಾಗಿದೆ, ಬಾಯಿ ತೆರೆಯಲಾಗುತ್ತಿಲ್ಲ ಎನ್ನುವವರನ್ನು ಮನೆಗೆ ಕಳಿಸಬೇಡಿ. ಧನುರ್ವಾಯು ಗಾಯವಾದ 3ರಿಂದ 21 ದಿನಗಳೊಳಗೆ ತಲೆ ಎತ್ತುತ್ತದೆ, ಈ ವಾರ ಅದರ ಕಾಲ. ಕತ್ತಲು ಮಾಡಿ, ಸದ್ದಿಲ್ಲದ ಜಾಗದಲ್ಲಿ ಮಲಗಿಸಿ, ಮೊನ್ನೆ ಬರೆದುಕೊಂಡ ಆಸ್ಪತ್ರೆಗೆ ಫೋನು.

ಪ್ರತಿ ರೋಗಿಯ ಕೈಗೆ ಒಂದು ಚೀಟಿ ಹೋಗಬೇಕು, ಏನಾಗಿದೆ, ಏನು ಕೊಟ್ಟಿದೆ, ಯಾವಾಗ ಮತ್ತೆ ಬರಬೇಕು ಎಂದು ಆ ದೇಶದ ವೈದ್ಯರು ಓದಬಲ್ಲ ಭಾಷೆಯಲ್ಲಿ. ಹದಿನಾಲ್ಕು ದಿನದ ಮೇಲೆ ನಾವಿರುವುದಿಲ್ಲ, ಆ ಚೀಟಿ ಇರುತ್ತದೆ. ಗಾಯದ, ಅಳುವ ಮುಖದ ಫೋಟೋ ಯಾರ ಫೋನಿನಲ್ಲೂ ಇರಕೂಡದು.

ಸಂಜೆ ಸೂಜಿ ಡಬ್ಬಿಗಳನ್ನು ನೋಡಿ, ಮುಕ್ಕಾಲು ತುಂಬಿದ್ದನ್ನು ಮುಚ್ಚಿ. ಫಾರ್ಮಸಿಸ್ಟ್ ಔಷಧಿ ಎಣಿಸುತ್ತಾರೆ, ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿರುವುದರ ಕೆಳಗೆ ಗೆರೆ ಎಳೆಯುತ್ತಾರೆ. ದಿನದ ವರದಿ ರಾತ್ರಿ ಊಟಕ್ಕೆ ಮುಂಚೆ ಸಮನ್ವಯ ಘಟಕಕ್ಕೆ ಹೋಗಬೇಕು. ನೀರಿನಂತಹ ಭೇದಿಯ ಪ್ರಕರಣ ಹಠಾತ್ತನೆ ಏರಿದ್ದರೆ ವರದಿಗೆ ಕಾಯದೆ ಫೋನು ಮಾಡಿ. ನಾಳೆ ಬೆಳಿಗ್ಗೆ ಏಳಕ್ಕೆ ನೀರಿನ ಪರೀಕ್ಷೆ, ಎಂಟಕ್ಕೆ ಗೇಟು.